ಬ್ರಗಾಂಜಾ ಮನೆತನವನ್ನು ಮದುವೆಗಳಿಂದ ಓದುವುದು ಹೇಗೆ

ಮೇ ತಿಂಗಳ ರಜೆಯಲ್ಲಿ ನನ್ನ ತಂಗಿಯ ಮಗಳು ಕಾರವಾರದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ಬಿ.ಎ. ಎರಡನೇ ವರ್ಷ, ಇತಿಹಾಸ. ಯುರೋಪಿನ ಮಧ್ಯಯುಗದ ಒಂದು ಸರದಾರ ಮನೆತನದ ಬಗ್ಗೆ 30 ಪುಟ ಬರೆದು ಕೊಡಬೇಕಂತೆ. ಅವಳು ಆರಿಸಿಕೊಂಡದ್ದು ಪೋರ್ಚುಗಲ್‌ನ ಬ್ರಗಾಂಜಾ ಮನೆತನ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದಳು. ಬಾಣದ ಗುರುತುಗಳು ಒಂದರ ಮೇಲೊಂದು ಹತ್ತಿ, ಯಾವ ಮಗ ಯಾವ ಅಪ್ಪನಿಗೆ ಹುಟ್ಟಿದ ಅಂತಲೇ ಕಾಣುತ್ತಿರಲಿಲ್ಲ.

"ದೊಡ್ಡಮ್ಮ, ಇದರಲ್ಲಿ ಜುವಾಂವ್ ಅನ್ನುವವರು ಎಷ್ಟು ಜನ ಅಂತ ನನಗೇ ಗೊತ್ತಾಗ್ತಿಲ್ಲ" ಅಂದಳು.

ನಾನು ಮುಂಬೈಯ ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಇತಿಹಾಸ ಹೇಳಿಕೊಟ್ಟವಳು. ಬ್ರಗಾಂಜಾ ಮನೆತನವನ್ನು ನಿವೃತ್ತಿಗೆ ಮೊದಲಿನಿಂದಲೂ ಓದುತ್ತಾ ಬಂದಿದ್ದೇನೆ. ನಾನು ಹುಟ್ಟಿದ್ದು ಕಾರವಾರದ ಪಕ್ಕದ ಬಿಣಗಾದಲ್ಲಿ, ಬಾಳಿದ್ದು ಮುಂಬೈಯಲ್ಲಿ. ಈ ಎರಡೂ ಊರುಗಳು ಆ ಮನೆತನದ ಒಂದೇ ಮದುವೆಗೆ ಸಿಕ್ಕಿಕೊಂಡಿವೆ. ಹಾಗಾಗಿ ನನಗೆ ಅದು ದೂರದ ಕಥೆ ಅನ್ನಿಸಿದ್ದೇ ಇಲ್ಲ. ಅವಳಿಗೆ ಹತ್ತು ದಿನ ಕೂರಿಸಿ ಹೇಳಿಕೊಟ್ಟ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ಮನೆತನಕ್ಕೂ ಇದು ನಡೆಯುತ್ತದೆ.

ಮೊದಲು ಒಂದು ಉದ್ದನೆಯ ಲೆಕ್ಕದ ಪುಸ್ತಕ ತಗೊಳ್ಳಿ. 200 ಪುಟದ್ದು ಸಾಕು. ವಂಶವೃಕ್ಷದ ಚಿತ್ರ ಬರೆಯಲು ಹೋಗಬೇಡಿ. ಚಿತ್ರ ಕೊನೆಗೆ ತಾನಾಗೇ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಡಿ. ಪುಟದಲ್ಲಿ ಆರು ಸಾಲು: ಹೆಸರು ಮತ್ತು ನಂಬರ್, ಹುಟ್ಟು ಸಾವು, ತಾಯಿ ಯಾರು, ಮದುವೆ ಯಾರ ಜೊತೆ, ಆ ಮದುವೆಯಿಂದ ಮನೆಗೆ ಏನು ಬಂತು, ಮನೆಯಿಂದ ಏನು ಹೋಯಿತು. ಯುದ್ಧಗಳಿಗೆ ಸಾಲು ಇಲ್ಲ. ನನ್ನ ತಂಗಿಯ ಮಗಳು ಇದನ್ನೇ ಕೇಳಿದಳು. ಯುದ್ಧವನ್ನು ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದುಕೋ ಅಂದೆ. ಸರದಾರ ಮನೆತನ ಅಂದರೆ ಮುಖ್ಯವಾಗಿ ಭೂಮಿ. ಯುದ್ಧದಲ್ಲಿ ಗೆದ್ದ ಭೂಮಿ ಕೂಡ ಮನೆಯಲ್ಲಿ ಉಳಿಯಬೇಕಾದರೆ ಮದುವೆ ಆಗಬೇಕು, ಮಗು ಹುಟ್ಟಬೇಕು. ಗೆದ್ದವನಿಗೆ ಗಂಡುಮಕ್ಕಳಿಲ್ಲದಿದ್ದರೆ ಆ ಭೂಮಿಯೆಲ್ಲ ಮಗಳ ಹಿಂದೆ ಇನ್ನೊಂದು ಮನೆಗೆ ಹೋಗುತ್ತದೆ. ಅದಕ್ಕೆ ನಮ್ಮಲ್ಲಿ ಬಳುವಳಿ ಅಂತ ಒಳ್ಳೆ ಮಾತಿದೆ. ಐದನೇ ಸಾಲಿನ ಮೇಲೆ ಅದನ್ನೇ ಬರೆದುಕೊಳ್ಳಿ.

ಬ್ರಗಾಂಜಾ ಮನೆತನದ ಮೊದಲ ಪುಟವೇ ಇದಕ್ಕೆ ಸಾಕ್ಷಿ. 1383ರಲ್ಲಿ ಪೋರ್ಚುಗಲ್‌ನ ರಾಜ ಗಂಡುಸಂತಾನವಿಲ್ಲದೆ ತೀರಿಕೊಂಡ. ಪಕ್ಕದ ಕ್ಯಾಸ್ಟೈಲ್‌ನ ರಾಜ ಅಳಿಯನ ಹಕ್ಕಿನಿಂದ ಪಟ್ಟ ಕೇಳಿದ. ತೀರಿಕೊಂಡ ರಾಜನಿಗೆ ಒಬ್ಬ ತಮ್ಮನಿದ್ದ, ಹೆಸರು ಜುವಾಂವ್. ಅವನು ಮದುವೆಯಿಲ್ಲದೆ ಹುಟ್ಟಿದವನು, ಆವಿಸ್ ಎಂಬ ಸನ್ಯಾಸಿ-ಯೋಧರ ಪಂಗಡದ ಮುಖ್ಯಸ್ಥ. ಜನ ಅವನನ್ನೇ ನಿಲ್ಲಿಸಿದರು. 1385ರ ಆಗಸ್ಟ್ 14ರಂದು ಅಲ್‌ಜುಬರೋತಾ ಎಂಬಲ್ಲಿ ಕ್ಯಾಸ್ಟೈಲ್‌ನ ದೊಡ್ಡ ಸೈನ್ಯ ಸೋತಿತು. ಜುವಾಂವ್ ರಾಜನಾಗಿ ಉಳಿದ. ಅವನ ದಂಡನಾಯಕ ನೂನೊ ಆಲ್ವಾರಿಸ್ ಪೆರೇರಾ. ರಾಜ ಕೃತಜ್ಞತೆಯಿಂದ ನೂನೊಗೆ ಊರಿನ ಮೇಲೆ ಊರು ಉಂಬಳಿ ಕೊಟ್ಟ. ಬಾರ್ಸೆಲೊಸ್, ಓರೆಂ, ಅರ್ರಾಯೊಲೊಸ್ ಎಂಬ ಮೂರು ಪ್ರಾಂತಗಳು ಅವನ ಕೈಗೆ ಬಂದವು. ಆ ಕಾಲದಲ್ಲಿ ರಾಜನನ್ನು ಬಿಟ್ಟರೆ ಅಷ್ಟು ಆಸ್ತಿ ಇದ್ದವರು ದೇಶದಲ್ಲಿ ಬಹಳ ಇರಲಿಲ್ಲ. ಅವನಿಗೆ ಉಳಿದದ್ದು ಒಬ್ಬಳೇ ಮಗಳು, ಬೆಯಾತ್ರಿಸ್.

ಈಗ ರಾಜನ ಕಡೆ ನೋಡಿ. ಅವನಿಗೂ ಮದುವೆಯಿಲ್ಲದೆ ಹುಟ್ಟಿದ ಒಬ್ಬ ಮಗನಿದ್ದ, ಅಫೊನ್ಸೊ. ತಾಯಿ ಇನೆಸ್ ಪಿರೆಸ್. 1401ರಲ್ಲಿ ಅಫೊನ್ಸೊಗೂ ಬೆಯಾತ್ರಿಸ್‌ಗೂ ಮದುವೆಯಾಯಿತು. ಬಾರ್ಸೆಲೊಸ್ ಪ್ರಾಂತ ಬಳುವಳಿಯಾಗಿ ಬಂತು. ರಾಜ ಕೊಟ್ಟ ಭೂಮಿ ರಾಜನ ಮಗನ ಮನೆಗೇ ತಿರುಗಿ ಬಂದ ಹಾಗಾಯಿತು, ಅಲ್ವಾ? 1442ರಲ್ಲಿ ಅಫೊನ್ಸೊಗೆ ಬ್ರಗಾಂಜಾದ ಡ್ಯೂಕ್ ಎಂಬ ಬಿರುದು ಸಿಕ್ಕಿತು. ಪುಸ್ತಕಗಳಲ್ಲಿ ಮನೆತನದ ಹುಟ್ಟು ಅಂತ ಇರುವುದು ಈ 1442. ನನ್ನ ಲೆಕ್ಕದಲ್ಲಿ ಅದು 1401. ಬಿರುದು ಬಂದಾಗ ಹೊಲ, ಕೋಟೆ, ಕಣಜ ಎಲ್ಲಾ 41 ವರ್ಷದಿಂದ ಮನೆಯಲ್ಲೇ ಇದ್ದವು. ಬೆಯಾತ್ರಿಸ್‌ಗೆ ಒಂದು ಪೂರ್ತಿ ಪುಟ ಕೊಡಿ. ಎಷ್ಟೋ ವಂಶವೃಕ್ಷಗಳಲ್ಲಿ ಅವಳು ಗಂಡನ ಹೆಸರಿನ ಪಕ್ಕದ ಒಂದು ಗೆರೆ ಮಾತ್ರ. ನೂನೊ ಕೊನೆಗಾಲದಲ್ಲಿ ಎಲ್ಲ ಬಿಟ್ಟು ಲಿಸ್ಬನ್‌ನ ಕಾರ್ಮೊ ಮಠ ಸೇರಿದ. ಆ ಮಠ ಕಟ್ಟಿಸಿದವನೂ ಅವನೇ. 1431ರಲ್ಲಿ ತೀರಿಕೊಂಡ. 2009ರಲ್ಲಿ ಕ್ಯಾಥೊಲಿಕ್ ಚರ್ಚ್ ಅವನನ್ನು ಸಂತ ಎಂದು ಸಾರಿತು.

ಇನ್ನು ಹೆಸರಿನ ಗೊಂದಲ. ಗೋವಾದಲ್ಲಿ ಜೂನ್ 24ಕ್ಕೆ ಬಾವಿಗೆ ಹಾರುವ ಸಾಂ ಜುವಾಂವ್ ಹಬ್ಬ ನೀವು ನೋಡಿರಬಹುದು. ಆ ಜುವಾಂವ್ ಹೆಸರೇ ಇಲ್ಲಿ ತಲೆಮಾರಿಗೊಮ್ಮೆ ಬರುತ್ತದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ. ಅದಕ್ಕಿಂತ ಕಷ್ಟ ನಂಬರ್‌ನದು. ಡ್ಯೂಕ್‌ಗಳ ಎಣಿಕೆ ಬೇರೆ, ರಾಜರ ಎಣಿಕೆ ಬೇರೆ. ನಾನು ಮೊದಲ ಸಲ ಓದುವಾಗ ಎರಡನೇ ಜುವಾಂವ್ ಎಂಬ ಹೆಸರಿಗೆ ಒಂದೇ ಪುಟ ಕೊಟ್ಟಿದ್ದೆ. ಅದರಲ್ಲಿ ಇಬ್ಬರು ಮನುಷ್ಯರು ಸೇರಿಕೊಂಡಿದ್ದರು. ಒಬ್ಬ ರಾಜ ಎರಡನೇ ಜುವಾಂವ್, ಆಳಿದ್ದು 1481ರಿಂದ 1495. ಅವನು ಬ್ರಗಾಂಜಾ ಮನೆಯವನಲ್ಲ, ಆ ಮನೆಯ ಮೂರನೇ ಡ್ಯೂಕ್‌ನ ತಲೆ ತೆಗೆಸಿದವನು. ಇನ್ನೊಬ್ಬ ಡ್ಯೂಕ್ ಎರಡನೇ ಜುವಾಂವ್. ಅವನೇ 1640ರಲ್ಲಿ ನಾಲ್ಕನೇ ಜುವಾಂವ್ ಎಂಬ ಹೆಸರಿನಲ್ಲಿ ರಾಜನಾದವನು. ತಲೆ ತೆಗೆಸಿದವನನ್ನೂ ಆ ಮನೆಯ ಮಗನನ್ನೂ ಒಂದೇ ಪುಟಕ್ಕೆ ಹಾಕಿದ್ದು ಗೊತ್ತಾದಾಗ ಆ ನೋಟ್‌ಬುಕ್ಕನ್ನೇ ಬಿಟ್ಟು ಹೊಸದು ಶುರುಮಾಡಿದೆ. ಅಂದಿನಿಂದ ಡ್ಯೂಕ್ ನಂಬರನ್ನು ನೀಲಿಯಲ್ಲಿ, ರಾಜನ ನಂಬರನ್ನು ಕೆಂಪಿನಲ್ಲಿ ಬರೆಯುತ್ತೇನೆ. ಹೆಂಗಸರಿಗೆ ನಂಬರ್ ಇಲ್ಲ. ಅವರಿಗೆ ತವರಿನ ಹೆಸರು ಬರೆಯಿರಿ.

ವರ್ಷಗಳ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ನಮ್ಮ ಶಾಸನಗಳ ಶಕವರ್ಷಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತದೆ. ಪೋರ್ಚುಗಲ್‌ನಲ್ಲಿ 1422ರವರೆಗೆ ಸೀಸರನ ಶಕೆ ನಡೆಯುತ್ತಿತ್ತು. ಅದರಲ್ಲಿ 38 ಕಳೆಯಬೇಕು. 1385ರ ಯುದ್ಧ ಅವರ ಹಳೆ ಕಾಗದದಲ್ಲಿ 1423 ಅಂತ ಇರುತ್ತದೆ. ಇಂಗ್ಲೆಂಡಿನ ಕಾಗದಗಳಿಗೆ ಬಂದಾಗ ಬೇರೆ ತೊಡಕು. ಪೋರ್ಚುಗೀಸರು 1582ರಲ್ಲೇ ಹೊಸ ಪಂಚಾಂಗಕ್ಕೆ ಬದಲಾದರು, ಇಂಗ್ಲಿಷರು ಬದಲಾಗಲಿಲ್ಲ. 17ನೇ ಶತಮಾನದಲ್ಲಿ ಇಬ್ಬರ ನಡುವೆ 10 ದಿನ ವ್ಯತ್ಯಾಸ. ಜೊತೆಗೆ ಇಂಗ್ಲಿಷರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಯುಗಾದಿ ಬರುವವರೆಗೆ ನಮಗೆ ಹಳೆ ಸಂವತ್ಸರವೇ ನಡೆಯುತ್ತದಲ್ಲ, ಹಾಗೆ. 1665ರ ಫೆಬ್ರವರಿ ಅವರಿಗೆ ಇನ್ನೂ 1664. ಒಂದೇ ಘಟನೆಗೆ ಎರಡು ಪುಸ್ತಕ ಎರಡು ವರ್ಷ ಹೇಳಿದರೆ ತಪ್ಪು ಅಂತ ಹೊಡೆದುಹಾಕಬೇಡಿ, ಎರಡನ್ನೂ ಬರೆದುಕೊಳ್ಳಿ.

ಮುಂದಿನ ಕೆಲಸ ನೆಂಟಸ್ತಿಕೆಯನ್ನು ಕನ್ನಡದಲ್ಲಿ ಬರೆಯುವುದು. ಇದು ನನಗೆ ತುಂಬ ಮುಖ್ಯ. ಇಂಗ್ಲಿಷ್ ಪುಸ್ತಕ ಅಂಕಲ್ ಅಂದುಬಿಡುತ್ತದೆ. ಚಿಕ್ಕಪ್ಪನೋ ಸೋದರಮಾವನೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಆ ಕಾಲದ ರಾಜಕೀಯವೇ ಅರ್ಥವಾಗುವುದಿಲ್ಲ. ಮೂರನೇ ಡ್ಯೂಕ್ ಫೆರ್ನಾಂಡೊನ ಪುಟ ನೋಡಿ. ಕ್ಯಾಸ್ಟೈಲ್ ಜೊತೆ ಸೇರಿ ದ್ರೋಹ ಬಗೆದ ಅಂತ 1483ರ ಜೂನ್‌ನಲ್ಲಿ ಎವೊರಾ ಪಟ್ಟಣದ ಚೌಕದಲ್ಲಿ ಅವನ ತಲೆ ತೆಗೆದರು. ಆಸ್ತಿ ಮುಟ್ಟುಗೋಲಾಯಿತು. ಚಿಕ್ಕ ಮಕ್ಕಳನ್ನು ಗಡಿ ದಾಟಿಸಿ ಕ್ಯಾಸ್ಟೈಲ್‌ಗೆ ಕಳಿಸಿದರು. ಮನೆತನ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕನೇ ಸಾಲಿನಲ್ಲಿ ಏನಿದೆ? ಫೆರ್ನಾಂಡೊನ ಹೆಂಡತಿ ಇಸಾಬೆಲ್, ತವರು ವಿಸೆಯು ಎಂಬ ಇನ್ನೊಂದು ಡ್ಯೂಕ್ ಮನೆ. 1495ರಲ್ಲಿ ರಾಜ ಎರಡನೇ ಜುವಾಂವ್ ತೀರಿಕೊಂಡ. ಬದುಕಿರುವ ಸಕ್ರಮ ಮಗ ಇರಲಿಲ್ಲ. ಪಟ್ಟಕ್ಕೆ ಬಂದವನು ಮನುವೆಲ್, ಇಸಾಬೆಲ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ. ಅಂದರೆ ಗಡಿಪಾರಾದ ಮಕ್ಕಳಿಗೆ ಅವನು ಸೋದರಮಾವ. ಅವನು ಬಂದವನೇ ಸೋದರಳಿಯ ಜೈಮೆಯನ್ನು ಕರೆಸಿಕೊಂಡು ಬಿರುದು, ಭೂಮಿ ಎಲ್ಲಾ ತಿರುಗಿ ಕೊಟ್ಟ. ಸೋದರಮಾವ ಅಂತ ಬರೆದ ಕೂಡಲೇ ನನ್ನ ತಂಗಿಯ ಮಗಳ ಮುಖ ಅರಳಿತು. "ಓ, ತಾಯಿ ಕಡೆಯಿಂದ ಬದುಕಿಕೊಂಡರು" ಅಂದಳು. ಅದೇ. ಹಾಗೆಯೇ ಡ್ಯೂಕ್‌ಗಳೂ ರಾಜರೂ ಜಗಳವಾಡುವುದನ್ನು ದಾಯಾದಿ ಜಗಳ ಅಂತಲೇ ಬರೆಯಿರಿ. ಎಲ್ಲರೂ ಅಲ್‌ಜುಬರೋತಾ ಗೆದ್ದ ಅದೇ ಜುವಾಂವ್‌ನ ಮಕ್ಕಳು, ಮೊಮ್ಮಕ್ಕಳು.

ಜೈಮೆ 1501ರಲ್ಲಿ ವಿಲಾ ವಿಸೋಸಾ ಎಂಬ ಊರಿನಲ್ಲಿ ಅರಮನೆ ಶುರುಮಾಡಿದ. ಅದು ಈಗಲೂ ಇದೆ, ಬ್ರಗಾಂಜಾ ಪ್ರತಿಷ್ಠಾನದ ಮ್ಯೂಸಿಯಂ ಆಗಿದೆ. ಇದೇ ಜೈಮೆ 1512ರಲ್ಲಿ ಸುಮ್ನೆ ಅನುಮಾನದ ಮೇಲೆ ಹೆಂಡತಿ ಲೆಯೊನೋರ್‌ಳನ್ನು ಕೊಂದ. ಮಾರನೆಯ ವರ್ಷ ತನ್ನ ಖರ್ಚಿನಲ್ಲಿ ದಂಡು ಕಟ್ಟಿಕೊಂಡು ಮೊರಾಕ್ಕೊದ ಅಜಮೋರ್ ಗೆದ್ದುಕೊಟ್ಟ, ಅವನ ಸ್ಥಾನಮಾನಕ್ಕೆ ಕುಂದು ಬರಲಿಲ್ಲ. ಹಲವು ಬರಹಗಳಲ್ಲಿ ಅಜಮೋರ್ ದೊಡ್ಡದಾಗಿ, ಲೆಯೊನೋರ್ ಒಂದು ವಾಕ್ಯವಾಗಿ ಬರುತ್ತಾರೆ. ನಿಮ್ಮ ಪುಸ್ತಕದಲ್ಲಿ ಅವಳ ಪುಟ ಅವಳದೇ ಆಗಿರಲಿ.

ಈಗ ಗೋವಾಕ್ಕೆ ಬನ್ನಿ. ಸರದಾರ ಮನೆತನದಲ್ಲಿ ಹಿರೇಮಗನಿಗೆ ಭೂಮಿ. ಉಳಿದ ಗಂಡುಮಕ್ಕಳು ಎಲ್ಲಿಗೆ ಹೋದರು ಅಂತ ಹುಡುಕುವುದು ಒಳ್ಳೆ ಅಭ್ಯಾಸ. ಕೆಲವರು ಚರ್ಚ್ ಸೇರಿದರು, ಕೆಲವರು ಹಡಗು ಹತ್ತಿದರು. ಜೈಮೆಯ ಎರಡನೇ ಹೆಂಡತಿಯ ಮಗ ಕಾನ್‌ಸ್ಟಾಂಟಿನೊ 1558ರಲ್ಲಿ ವೈಸ್‌ರಾಯ್ ಆಗಿ ಗೋವಾಕ್ಕೆ ಬಂದ. 1561ರವರೆಗೆ ಇದ್ದ. 1559ರಲ್ಲಿ ದಮನ್ ಗೆದ್ದ. 1560ರಲ್ಲಿ ಜಾಫ್ನಾದ ಮೇಲೆ ದಂಡು ತಗೊಂಡು ಹೋದ. ಅಲ್ಲಿಂದ ಬುದ್ಧನ ಹಲ್ಲು ಎಂದು ನಂಬಿದ ಒಂದು ಪವಿತ್ರ ವಸ್ತುವನ್ನು ತಂದ. ಬರ್ಮಾದ ಪೆಗು ರಾಜ ಅದಕ್ಕೆ ಬಹಳ ದೊಡ್ಡ ಹಣ ಕೊಡುತ್ತೇನೆ ಅಂದ. ಆರ್ಚ್‌ಬಿಷಪ್ ಒಪ್ಪಲಿಲ್ಲ. ಗೋವಾದಲ್ಲಿ ಎಲ್ಲರ ಎದುರು ಅದನ್ನು ಒರಳಿನಲ್ಲಿ ಕುಟ್ಟಿ ಪುಡಿಮಾಡಿ ಸುಟ್ಟರು ಎಂದು ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ನಿಜವಾದ ಹಲ್ಲು ಅವರ ಕೈಗೆ ಸಿಕ್ಕೇ ಇರಲಿಲ್ಲ ಎಂಬುದು ಸಿಂಹಳೀಯರ ನಂಬಿಕೆ. ಕ್ರೈಸ್ತ ಮತಕ್ಕೆ ವಿರುದ್ಧ ನಡೆದವರನ್ನು ವಿಚಾರಿಸಿ ಶಿಕ್ಷಿಸುವ ಗೋವಾದ ಇನ್‌ಕ್ವಿಸಿಶನ್ ನ್ಯಾಯಮಂಡಳಿ ಶುರುವಾದದ್ದೂ ಅವನ ಕಾಲದಲ್ಲೇ, 1560ರಲ್ಲಿ. ದೇವಸ್ಥಾನ ಒಡೆಯುತ್ತಾರೆಂಬ ಭಯಕ್ಕೆ ಮಂಗೇಶಿ ದೇವರನ್ನು ಕುಶಸ್ಥಳಿಯಿಂದ ನದಿ ದಾಟಿಸಿ ಪ್ರಿಯೋಳಕ್ಕೆ ತಂದದ್ದೂ ಅದೇ ವರ್ಷ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳವರ ಕುಲದೇವರು ಗೋವಾದಲ್ಲಿ, ಮನೆ ಕುಮಟೆ, ಹೊನ್ನಾವರ, ಮಂಗಳೂರಿನಲ್ಲಿ. ಮನೆತನದ ಪರಂಪರೆ ಅಂತ ಬರೆಯುವಾಗ ಅರಮನೆ, ಚಿತ್ರ, ಗ್ರಂಥಾಲಯ ಮಾತ್ರ ಪಟ್ಟಿ ಮಾಡಬೇಡಿ. ಆ ಕಾಲದಲ್ಲಿ ರಾತ್ರೋರಾತ್ರಿ ಊರು ಬಿಟ್ಟವರೂ ಆ ಪರಂಪರೆಯೊಳಗೇ ಇದ್ದಾರೆ.

ಗೋವಾದಲ್ಲಿ ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಸಾಲ್ಸೆಟ್ ತಾಲೂಕಿನ ಚಾಂದೋರ್ ಎಂಬ ಹಳ್ಳಿಯಲ್ಲಿ ಒಂದು ಉದ್ದನೆಯ ಮನೆ ಇದೆ. ಸಾಲು ಸಾಲು ಕಿಟಕಿ. ಎರಡು ಭಾಗ, ಒಂದರಲ್ಲಿ ಮೆನೆಜಿಸ್ ಬ್ರಗಾಂಜಾ ಕುಟುಂಬ, ಇನ್ನೊಂದರಲ್ಲಿ ಬ್ರಗಾಂಜಾ ಪೆರೇರಾ ಕುಟುಂಬ. ನೋಡಲು ಹೋದವರು ಇವರು ಪೋರ್ಚುಗಲ್ ರಾಜರ ಸಂಬಂಧಿಕರು ಅಂದುಕೊಂಡು ಬರುತ್ತಾರೆ. ಹಾಗಲ್ಲ. ಕ್ರೈಸ್ತರಾದ ಗೋವಾದ ಕುಟುಂಬಗಳಿಗೆ ದೀಕ್ಷೆಯ ಹೊತ್ತಿನಲ್ಲಿ ಪೋರ್ಚುಗೀಸ್ ಹೆಸರುಗಳು ಬಂದವು. ಹೆಸರು ಒಂದೇ ಇದ್ದ ಮಾತ್ರಕ್ಕೆ ರಕ್ತ ಒಂದೇ ಆಗುವುದಿಲ್ಲ. ಈ ಮನೆಯಲ್ಲೇ ಹುಟ್ಟಿ ಬೆಳೆದ ಪತ್ರಕರ್ತ ಲೂಯಿಸ್ ದ ಮೆನೆಜಿಸ್ ಬ್ರಗಾಂಜಾ (1878–1938) ಪೋರ್ಚುಗೀಸ್ ಆಡಳಿತವನ್ನು ಎದುರು ಹಾಕಿಕೊಂಡು ಬರೆದವರು. ನನಗೆ ಚಾಂದೋರ್ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಅದು ಹಳೆಯ ಚಂದ್ರಪುರ, ಗೋವಾದ ಕದಂಬರ ರಾಜಧಾನಿಯಾಗಿದ್ದ ಊರು. ಬನವಾಸಿಯ ಹೆಸರು ಹೊತ್ತ ಅರಸರು ಇದ್ದ ಜಾಗದಲ್ಲೇ ಬ್ರಗಾಂಜಾ ಎಂಬ ಹೆಸರಿನ ಮನೆ ನಿಂತಿದೆ. ಮನೆಗೆ ಹೋದವರು ಹಳೆ ಚಂದ್ರಪುರದ ಜಾಗವನ್ನೂ ಕೇಳಿಕೊಂಡು ಹೋಗಿ ಬನ್ನಿ.

ಇಷ್ಟು ಓದಿದ ಮೇಲೆ ಕಲ್ಲು ನೋಡಬೇಕು. ಮುಂಬೈಯವರಿಗೆ ವಸಾಯಿ ಕೋಟೆಯೇ ಸರಿ. 1534ರಿಂದ 1739ರಲ್ಲಿ ಮರಾಠರ ಚಿಮಾಜಿ ಅಪ್ಪಾ ಗೆಲ್ಲುವವರೆಗೆ ಅದು ಪೋರ್ಚುಗೀಸರದು. ನಾವಿಬ್ಬರೂ ದಿವಾದಿಂದ ವಸಾಯಿ ರೋಡ್‌ಗೆ ಹೋಗುವ ಗಾಡಿ ಹಿಡಿದೆವು. ಚರ್ಚ್‌ಗೇಟ್ ಕಡೆಯವರಿಗೆ ವಿರಾರ್ ಲೋಕಲ್ ಇದ್ದೇ ಇದೆ. ಸ್ಟೇಷನ್‌ನಿಂದ ಪಶ್ಚಿಮದ ಕಡೆ ಬಸ್ಸು, ಆಟೋ ಸಿಗುತ್ತವೆ. ಮಧ್ಯಾಹ್ನ ಮೂರರ ಮೇಲೆ ತಲುಪುವ ಹಾಗೆ ಹೋಗಿ. ಕಾರಣ ಬಿಸಿಲು ಅಲ್ಲ, ಬೆಳಕು. ನೆತ್ತಿಯ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬಿಸಿಲು ಓರೆಯಾದಾಗ ಅದೇ ಅಕ್ಷರದ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜಬೇಡಿ, ನೀರು ಹಾಕಬೇಡಿ, ಕಲ್ಲು ಹಾಳಾಗುತ್ತದೆ. ನೆರಳಿನ ಜಾಗದಲ್ಲಿ ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ.

ರಾಜಲಾಂಛನ ಓದುವುದು ಕಷ್ಟವಲ್ಲ. ನಡುವೆ ಐದು ಚಿಕ್ಕ ಗುರಾಣಿ ಶಿಲುಬೆಯ ಆಕಾರದಲ್ಲಿ ಇರುತ್ತವೆ, ಪ್ರತಿ ಗುರಾಣಿಯಲ್ಲಿ ಐದು ಚುಕ್ಕೆ. ಸುತ್ತ ಅಂಚಿನಲ್ಲಿ ಪುಟ್ಟ ಪುಟ್ಟ ಕೋಟೆಗಳು. 1485ಕ್ಕೆ ಮೊದಲು ಎಡಬಲದ ಎರಡು ಗುರಾಣಿಗಳು ಮಲಗಿರುತ್ತಿದ್ದವು, ತುದಿ ನಡುವಿಗೆ ತಿರುಗಿ. ಆ ವರ್ಷ ಎರಡನೇ ಜುವಾಂವ್ ಅವನ್ನು ನೆಟ್ಟಗೆ ನಿಲ್ಲಿಸಿದ. ಜೊತೆಗೆ ಬಳೆಗಳಿಂದ ಕಟ್ಟಿದ ಗೋಳವಿದ್ದರೆ ಅದು ರಾಜ ಮನುವೆಲ್‌ನಿಂದ ಬಂದ ಗುರುತು. ಬ್ರಗಾಂಜಾ ಡ್ಯೂಕ್‌ಗಳ ಹಳೆಯ ಲಾಂಛನ ಬೇರೆ: ಬೆಳ್ಳಿ ಬಣ್ಣದ ಮೇಲೆ ಕೆಂಪು ಕತ್ತರಿಗುರುತು, ಅದರ ಮೇಲೆ ಐದು ಗುರಾಣಿ. ಆದರೆ ಅವರು ರಾಜರಾದ ಮೇಲೆ ದೇಶದ ಲಾಂಛನವನ್ನೇ ಇಟ್ಟುಕೊಂಡರು. 1580ರಿಂದ 1640ರವರೆಗೆ ಆಳಿದ ಸ್ಪೇನ್ ರಾಜರ ಕಾಲದಲ್ಲೂ ಪೋರ್ಚುಗೀಸ್ ಊರುಗಳಲ್ಲಿ ಇದೇ ನಡೆಯಿತು. ಹಾಗಾಗಿ ಐದು ಗುರಾಣಿ ಕಂಡ ಕೂಡಲೇ ಬ್ರಗಾಂಜಾ ಅನ್ನಬೇಡಿ, ಕಲ್ಲಿನಲ್ಲಿ ಇಸವಿ ಹುಡುಕಿ.

ಕೋಟೆಯೊಳಗೆ ಫ್ರಾನ್ಸಿಸ್ಕನ್ನರ ಚರ್ಚಿನ ಪಾಳು ಇದೆ. ಮಾಡು ಇಲ್ಲ. ನೆಲದ ತುಂಬ ಗೋರಿಕಲ್ಲುಗಳು. ನಾವು ಒಂದರ ಮುಂದೆ ಮಂಡಿಯೂರಿ ಕೂತೆವು. ಅರ್ಧ ಕಲ್ಲಿನ ಮೇಲೆ ಪಾಚಿ ಒಣಗಿ ಕಪ್ಪಾಗಿತ್ತು. ಮೊದಲ ಸಾಲು ಸೆಪುಲ್ತುರಾ, ಅಂದರೆ ಗೋರಿ. ಕೆಲವು ಕಲ್ಲುಗಳಲ್ಲಿ ಆಕಿ ಜಾಜ್ ಅಂತಿರುತ್ತದೆ, ಇಲ್ಲಿ ಮಲಗಿದ್ದಾನೆ ಎಂದರ್ಥ. ಆಮೇಲೆ ಗಂಡಸಿನ ಹೆಸರು, ಸವೆದು ಹೋಗಿ ಎರಡಕ್ಷರ ಉಳಿದಿತ್ತು. ಅದರ ಕೆಳಗೆ ಟಾರ್ಚಿನ ಬೆಳಕಿಗೆ ಸ್ವಚ್ಛವಾಗಿ ಎದ್ದದ್ದು ಮೂರು ಮಾತು: ಮತ್ತು ಅವನ ಹೆಂಡತಿಯದು. ಹೆಂಡತಿಯ ಹೆಸರು ಕೆತ್ತಿಯೇ ಇರಲಿಲ್ಲ. ನನ್ನ ತಂಗಿಯ ಮಗಳು ಆ ಸಾಲಿನ ಮೇಲೆ ಬೆರಳು ತಾಗಿಸದೆ ಗಾಳಿಯಲ್ಲೇ ಓಡಿಸಿದಳು. "ಅದಕ್ಕೇ ನೀವು ನಾಲ್ಕನೇ ಸಾಲು ಬಿಡಬೇಡ ಅನ್ನೋದು" ಅಂದಳು.

ಮನೆಗೆ ಬಂದು ಆ ರಾತ್ರಿ 1580ರ ಪುಟ ಬರೆದೆವು. 1578ರಲ್ಲಿ ರಾಜ ಸೆಬಾಸ್ಟಿಯನ್ ಮೊರಾಕ್ಕೊದ ಯುದ್ಧದಲ್ಲಿ ಸತ್ತ, ಮದುವೆಯೇ ಆಗಿರಲಿಲ್ಲ. ನಂತರ ಬಂದವನು ವಯಸ್ಸಾದ ಕಾರ್ಡಿನಲ್ ಹೆನ್ರಿ, 1580ರ ಜನವರಿಯಲ್ಲಿ ತೀರಿಕೊಂಡ. ಪಟ್ಟ ಕೇಳಿದವರಲ್ಲಿ ಒಬ್ಬಳು ಕತರೀನಾ, ಮನುವೆಲ್‌ನ ಮೊಮ್ಮಗಳು, ಬ್ರಗಾಂಜಾದ ಸೊಸೆ. ಕಾನೂನಿನಲ್ಲಿ ಅವಳ ಹಕ್ಕು ಗಟ್ಟಿಯಾಗಿತ್ತು. ಸೈನ್ಯ ಸ್ಪೇನ್‌ನ ಎರಡನೇ ಫಿಲಿಪ್‌ನ ಹತ್ತಿರ ಇತ್ತು. ದೇಶ ಸ್ಪೇನ್ ಪಾಲಾಯಿತು. ಆದರೆ ಕತರೀನಾಳ ಹಕ್ಕು ಮನೆಯಲ್ಲೇ ಉಳಿಯಿತು, ಪೆಟ್ಟಿಗೆಯಲ್ಲಿಟ್ಟ ಆಸ್ತಿಪತ್ರದ ಹಾಗೆ. 60 ವರ್ಷದ ನಂತರ, 1640ರ ಡಿಸೆಂಬರ್ 1ರಂದು ಲಿಸ್ಬನ್‌ನಲ್ಲಿ ಸರದಾರರು ದಂಗೆ ಎದ್ದರು. ರಾಜನಾಗಲು ಕರೆದದ್ದು ಅವಳ ಮೊಮ್ಮಗ, ಎಂಟನೇ ಡ್ಯೂಕ್ ಆಗಿದ್ದ ಎರಡನೇ ಜುವಾಂವ್‌ನನ್ನು. ಅವನಿಗೆ ಸಂಗೀತದ ಹುಚ್ಚು. ಅವನು ಕೂಡಿಹಾಕಿದ ಸಂಗೀತದ ಗ್ರಂಥಗಳೆಲ್ಲ 1755ರ ಭೂಕಂಪದಲ್ಲಿ ಹೋದವು.

ಜುವಾಂವ್ 1656ರಲ್ಲಿ ತೀರಿಕೊಂಡ. ಮಗ ಅಫೊನ್ಸೊ ಇನ್ನೂ ಹುಡುಗ. ರಾಜ್ಯ ನಡೆಸಿದ್ದು ತಾಯಿ ಲೂಯಿಜಾ. ಅವಳ ತವರು ಸ್ಪೇನ್‌ನ ಮೆದೀನಾ ಸಿದೋನಿಯಾ, ಕೊಲೆಯಾದ ಲೆಯೊನೋರ್‌ಳ ತವರೂ ಅದೇ. ಸ್ಪೇನ್ ಇನ್ನೂ ಸ್ವಾತಂತ್ರ್ಯ ಒಪ್ಪಿರಲಿಲ್ಲ. 1659ರಲ್ಲಿ ಫ್ರಾನ್ಸ್ ಸ್ಪೇನ್ ಜೊತೆ ರಾಜಿ ಮಾಡಿಕೊಂಡು ಪೋರ್ಚುಗಲನ್ನು ಒಂಟಿ ಬಿಟ್ಟಿತು. ಲೂಯಿಜಾಗೆ ಸೈನಿಕರು ಬೇಕಿತ್ತು, ಹಡಗು ಬೇಕಿತ್ತು. ಕೈಯಲ್ಲಿದ್ದದ್ದು ಒಬ್ಬ ಮಗಳು, 1638ರಲ್ಲಿ ವಿಲಾ ವಿಸೋಸಾದಲ್ಲಿ ಹುಟ್ಟಿದ ಕತರೀನಾ. ಮುತ್ತಜ್ಜಿಯ ಹೆಸರೇ. 1661ರ ಜೂನ್ 23ರಂದು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಜೊತೆ ಮದುವೆಯ ಒಪ್ಪಂದವಾಯಿತು. ಬಳುವಳಿ ಸಾಲಿನಲ್ಲಿ ಬರೆಯಿರಿ: 20 ಲಕ್ಷ ಕ್ರೂಜಾದು ಹಣ, ಮೊರಾಕ್ಕೊದ ಟ್ಯಾಂಜಿಯರ್, ಮುಂಬೈ ದ್ವೀಪ. ಬದಲಿಗೆ ಇಂಗ್ಲಿಷ್ ದಂಡಿನ ನೆರವು. 1662ರ ಮೇ 21ರಂದು ಪೋರ್ಟ್ಸ್‌ಮತ್‌ನಲ್ಲಿ ಮದುವೆ ನಡೆಯಿತು.

ಈ ಪುಟಕ್ಕೆ ಬಂದಾಗ ನಿಧಾನ ಮಾಡಿ. ಕಾಗದದಲ್ಲಿ ಕೊಟ್ಟದ್ದು ನೆಲದ ಮೇಲೆ ಹೇಗೆ ಕೈಬದಲಾಯಿತು ಅಂತ ಪ್ರತಿ ಸಲ ಕೇಳಿಕೊಳ್ಳಿ. 1662ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷ್ ಹಡಗುಗಳು ಮುಂಬೈ ಬಂದರಿಗೆ ಬಂದವು. ಪೋರ್ಚುಗೀಸ್ ಅಧಿಕಾರಿಗಳು ಕಾಗದದಲ್ಲಿ ತಕರಾರು ತೆಗೆದು ಕೊಡಲಿಲ್ಲ. ಬರೇ ಮುಂಬೈ ದ್ವೀಪವೋ, ಅದಕ್ಕೆ ಹೊಂದಿದ ಬೇರೆ ಜಾಗಗಳೂ ಸೇರಿಯೋ ಎಂಬ ಜಗಳ ಬೇರೆ. ಇಂಗ್ಲಿಷರು ಮುಂಬೈಯಲ್ಲಿ ಕಾಲೂರಿದ ದಿನವೇ ಇಂಡಿಯಾ ನಮ್ಮ ಕೈತಪ್ಪುತ್ತದೆ ಅಂತ ಗೋವಾದ ವೈಸ್‌ರಾಯ್ ಆಂಟೋನಿಯೊ ದ ಮೆಲೊ ಕಾಸ್ಟ್ರೊ ತನ್ನ ರಾಜನಿಗೆ ಬರೆದ. ಇಂಗ್ಲಿಷ್ ದಂಡಿನ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್. ಇಳಿಯಲು ಜಾಗವಿಲ್ಲ, ಸೂರತ್‌ನಲ್ಲೂ ಬಿಡಲಿಲ್ಲ. ಕೊನೆಗೆ ಅವನು ದಂಡನ್ನು ಇಳಿಸಿದ್ದು ಅಂಜದೀಪ ದ್ವೀಪದಲ್ಲಿ.

ಅಂಜದೀಪ ನಮ್ಮ ಬಿಣಗಾದ ಎದುರಿಗಿದೆ. ಚಿಕ್ಕವಳಿದ್ದಾಗ ದಂಡೆಯಲ್ಲಿ ನಿಂತರೆ ಮೊದಲು ಕಾಣುತ್ತಿದ್ದದ್ದೇ ಅದು. ಅಂಕೋಲೆಯ ಆರ್ಯಾದುರ್ಗೆ ಮೊದಲು ಆ ದ್ವೀಪದಲ್ಲಿ ಇದ್ದವಳು ಅಂತ ಅಮ್ಮ ಹೇಳುತ್ತಿದ್ದರು. ಅಲ್ಲಿ ಸಿಹಿನೀರು ಇತ್ತು, ಅದಕ್ಕೇ ಹಡಗುಗಳು ನಿಲ್ಲುತ್ತಿದ್ದವು. ವಾಸ್ಕೋ ಡ ಗಾಮ ಕೂಡ 1498ರಲ್ಲಿ ಅಲ್ಲಿ ನೀರು ತುಂಬಿಸಿಕೊಂಡ. ಆದರೆ ನೂರಾರು ಜನ ಮಳೆಗಾಲ ಕಳೆಯುವ ಜಾಗ ಅದಲ್ಲ. ನಮ್ಮ ಕಡೆಯ ಆಷಾಢದ ಮಳೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಸಮುದ್ರ ಕಟ್ಟಿಹಾಕುತ್ತದೆ, ದೋಣಿ ಬಿಡುವಂತಿಲ್ಲ, ಕಟ್ಟಿಗೆ ಒಣಗುವುದಿಲ್ಲ. ನಾಲ್ಕುನೂರಷ್ಟು ಸೈನಿಕರು ಬಂದಿದ್ದರು. ಜ್ವರ, ಭೇದಿ, ಊಟದ ಕೊರತೆಯಿಂದ ಒಬ್ಬೊಬ್ಬರೇ ಸತ್ತರು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಕೂಡ ಅಲ್ಲೇ ಸತ್ತ. 1665ರ ಫೆಬ್ರವರಿ 18ರಂದು ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬೈಯನ್ನು ಕೈಗೆ ತಗೊಂಡಾಗ ಉಳಿದ ದಂಡು ನೂರರ ಆಸುಪಾಸು. 1668ರ ಮಾರ್ಚ್‌ನಲ್ಲಿ ಚಾರ್ಲ್ಸ್ ಮುಂಬೈ ದ್ವೀಪವನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಠಾಣೆ, ಮುಂಬೈ ಪಕ್ಕದ ಸಾಲ್ಸೆಟ್ ದ್ವೀಪ (ಗೋವಾದ ಸಾಲ್ಸೆಟ್ ಅಲ್ಲ) 1737ರವರೆಗೆ, ವಸಾಯಿ 1739ರವರೆಗೆ ಬ್ರಗಾಂಜಾ ರಾಜರ ಕೈಯಲ್ಲೇ ಉಳಿದವು. ಕತರೀನಾಗೆ ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಲಿಸ್ಬನ್‌ಗೆ ಮರಳಿದಳು. ಅಣ್ಣತಮ್ಮಂದಿರಲ್ಲಿ ಕೊನೆಯವನಾದ ಪೆದ್ರೊ ರಾಜನಾಗಿದ್ದಾಗ ಸ್ವಲ್ಪ ದಿನ ರಾಜ್ಯವನ್ನೂ ನಡೆಸಿದಳು. 1705ರ ಡಿಸೆಂಬರ್ 31ರಂದು ತೀರಿಕೊಂಡಳು. ತನ್ನ ಬಳುವಳಿಯ ಊರನ್ನು ಅವಳು ಒಮ್ಮೆಯೂ ನೋಡಲಿಲ್ಲ.

ಉಳಿದ ಪುಟಗಳನ್ನು ನೀವೇ ಬೇಗ ತುಂಬಿಸಬಹುದು. 1807ರಲ್ಲಿ ನೆಪೋಲಿಯನ್‌ನ ದಂಡು ಬಂದಾಗ ಇಡೀ ಆಸ್ಥಾನ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು. 1822ರಲ್ಲಿ ಅದೇ ಮನೆಯ ಪೆದ್ರೊ ಬ್ರೆಜಿಲ್ ಸ್ವತಂತ್ರ ಎಂದು ಸಾರಿದ. ಅಲ್ಲಿಯ ಕವಲು 1889ರವರೆಗೆ ಆಳಿತು. ಪೋರ್ಚುಗಲ್‌ನಲ್ಲಿ 1908ರಲ್ಲಿ ಕಾರ್ಲೊಸ್ ರಾಜನ ಕೊಲೆಯಾಯಿತು. 1910ರ ಅಕ್ಟೋಬರ್ 5ಕ್ಕೆ ಗಣರಾಜ್ಯ ಬಂತು. ಎರಡನೇ ಪೆದ್ರೊ ಪೋರ್ಚುಗಲ್‌ನಲ್ಲೂ ಒಬ್ಬನಿದ್ದಾನೆ, ಬ್ರೆಜಿಲ್‌ನಲ್ಲೂ ಒಬ್ಬನಿದ್ದಾನೆ. ಕೆಂಪು ಶಾಯಿಯ ಪಕ್ಕ ದೇಶದ ಹೆಸರನ್ನೂ ಬರೆಯಿರಿ.

ನನ್ನ ತಂಗಿಯ ಮಗಳು 30 ಪುಟ ಬರೆದು ಮುಗಿಸಿ ಜೂನ್ ಮೊದಲ ವಾರ ಊರಿಗೆ ಹೋದಳು. ಹೋಗುವ ಮೊದಲು ನೋಟ್‌ಬುಕ್ಕಿನಲ್ಲಿ ಶಿಪ್‌ಮನ್‌ನ ಪುಟದ ಮುಂದೆ ಒಂದು ಪುಟ ಖಾಲಿ ಬಿಟ್ಟಿದ್ದಳು. ಹೆಸರಿನ ಸಾಲಿನಲ್ಲಿ ಏನೂ ಇಲ್ಲ. ಸಾವಿನ ಸಾಲಿನಲ್ಲಿ ಅಂಜದೀಪ ಅಂತ ಬರೆದಿತ್ತು. "ಇದು ಯಾರದು?" ಅಂತ ಕೇಳಿದೆ. "ಆ ಮುನ್ನೂರು ಚಿಲ್ಲರೆ ಜನದ್ದು, ದೊಡ್ಡಮ್ಮ. ಹೆಸರು ಸಿಕ್ಕಿದರೆ ಒಂದೊಂದಾಗಿ ಬರೀತೀನಿ" ಅಂದಳು. ದ್ವೀಪ ಈಗ ನೌಕಾಪಡೆಯ ವಶದಲ್ಲಿದೆ, ಹೋಗಿ ನೋಡುವಂತಿಲ್ಲ. ಅವಳು ಬಿಣಗಾದ ಕಡೆಯಿಂದ ಒಂದು ಫೋಟೋ ಕಳಿಸಿದ್ದಾಳೆ. ಮೋಡ ಕವಿದಿತ್ತು, ದ್ವೀಪ ಬರೇ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಅದನ್ನು ಆ ಪುಟಕ್ಕೆ ಅಂಟಿಸಿದ್ದೇನೆ.